ಜ್ವರ ಇಳಿದ ಮೇಲಿನ ಎರಡು ದಿನ: ಉಡುಪಿಯ ಕ್ಲಿನಿಕ್ಕಿನಿಂದ ಸೋಷಿಯಲ್ ಮೀಡಿಯಾ

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಉಡುಪಿ, ಮಂಗಳೂರಿನ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಪಪ್ಪಾಯಿ ಎಲೆ ರಸದ ವಿಡಿಯೊ ಓಡಾಡಲು ಶುರುವಾಗುತ್ತದೆ. ಡೆಂಗಿ ಬಂದವರು ರಸ ಕುಡಿದು, ಜ್ವರ ಇಳಿಯಿತೆಂದು ಸಮಾಧಾನಪಟ್ಟು, ಹೊಟ್ಟೆನೋವು ಬಂದ ಮೇಲೂ ಎರಡು ದಿನ ಕಾದು ಆಸ್ಪತ್ರೆಗೆ ಬರುತ್ತಾರೆ. ಆ ಎರಡು ದಿನ ಉಳಿಸಬೇಕೆಂಬ ಒಂದೇ ಕಾರಣಕ್ಕೆ ನಾವು ಸೋಷಿಯಲ್ ಮೀಡಿಯಾಕ್ಕೆ ಇಳಿದದ್ದು. ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬರಿಗೆ ಹೇಳುವ ಮಾತನ್ನು ಕಾಯಿಲೆ ಬರುವ ಮೊದಲೇ ಊರಿಗೆಲ್ಲ ಹೇಳಿಡಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇನ್ನೊಂದಿಲ್ಲ. ಹಾಗಂತ ಹೇಗೆ ಬೇಕಾದರೂ ಹೇಳಿದರೆ ನಡೆಯುವುದಿಲ್ಲ. ವೈದ್ಯರ ಬಾಯಿಂದ ಬಂದ ಅರೆ ಮಾತು ಪಪ್ಪಾಯಿ ವಿಡಿಯೊಗಿಂತ ಹೆಚ್ಚು ಹಾನಿ ಮಾಡಬಲ್ಲದು, ಯಾಕೆಂದರೆ ಜನ ಅದನ್ನು ನಂಬಿ ನಡೆದುಕೊಳ್ಳುತ್ತಾರೆ. ಸಣ್ಣ ಕ್ಲಿನಿಕ್ಕೊಂದು ಈ ಕೆಲಸವನ್ನು ಹೇಗೆ ಕಟ್ಟಿಕೊಳ್ಳಬಹುದು, ಎಲ್ಲಿ ಕೆಡುತ್ತದೆ ಎಂಬುದನ್ನು ನಾವು ಮಾಡಿಕೊಂಡು ಬಂದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಸಿಮ್ಮಿನದು. ವೈದ್ಯರ ಸ್ವಂತ ನಂಬರು ಒಮ್ಮೆ ರೋಗಿಗಳ ಕೈಗೆ ಹೋಯಿತೆಂದರೆ ಅದನ್ನು ಹಿಂದೆ ಪಡೆಯಲಾಗದು. ಕ್ಲಿನಿಕ್ಕಿನ ಹೆಸರಲ್ಲಿ ಬೇರೆ ಸಿಮ್ ತೆಗೆದು, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಆ ಫೋನನ್ನು ರಿಸೆಪ್ಷನ್ ಮೇಜಿನಲ್ಲೇ ಇಟ್ಟೆವು. ಬಾಗಿಲು ಹಾಕಿದ ಹೊತ್ತಿನಲ್ಲಿ ತಾನಾಗಿ ಹೋಗುವ ಉತ್ತರಕ್ಕೆ ಆ ಆ್ಯಪ್‌ನಲ್ಲಿ ಜಾಗ ಇದೆ. ಅಲ್ಲಿ ‘ಧನ್ಯವಾದಗಳು, ಶೀಘ್ರ ಸಂಪರ್ಕಿಸುತ್ತೇವೆ’ ಎಂದು ಬರೆದಿಡುವುದು ಅಪಾಯ. ರಾತ್ರಿ ಎದೆನೋವಿನಲ್ಲಿ ಮೆಸೇಜ್ ಕಳಿಸಿದವರು ಆ ಸಂಪರ್ಕಕ್ಕಾಗಿ ಕಾಯುತ್ತಾರೆ. ನಮ್ಮ ಉತ್ತರ ಹೀಗಿದೆ: ‘ಈ ನಂಬರನ್ನು ಈಗ ಯಾರೂ ನೋಡುತ್ತಿಲ್ಲ. ಎದೆನೋವು, ಉಸಿರಾಟದ ತೊಂದರೆ, ಒಂದು ಕೈಕಾಲಿನ ಬಲ ಹೋಗುವುದು, ರಕ್ತಸ್ರಾವ, ಮಗು ಎಚ್ಚರ ತಪ್ಪುವುದು ಇವುಗಳಲ್ಲಿ ಯಾವುದಿದ್ದರೂ ಈಗಲೇ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಉಳಿದದ್ದಕ್ಕೆ ಬೆಳಿಗ್ಗೆ 9ರ ನಂತರ ಉತ್ತರಿಸುತ್ತೇವೆ.’ ಈ ಮೂರು ಸಾಲು ಉಳಿದೆಲ್ಲ ವಿಡಿಯೊಗಳಿಗಿಂತ ಮುಖ್ಯ ಎಂದು ನಮ್ಮ ಅಭಿಪ್ರಾಯ.

ಎರಡನೆಯದು ಗೂಗಲ್‌ನಲ್ಲಿ ಕ್ಲಿನಿಕ್ಕಿನ ಪುಟ, ಅಂದರೆ ಗೂಗಲ್ ಬಿಸಿನೆಸ್ ಪ್ರೊಫೈಲ್. ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಜನ ಹಿಂಬಾಲಿಸಿದರೂ, ಜ್ವರ ಬಂದ ಮಗುವನ್ನು ಎತ್ತಿಕೊಂಡವರು ಹುಡುಕುವುದು ಗೂಗಲ್ ಮ್ಯಾಪ್‌ನಲ್ಲಿ. ಪುಟ ನಮ್ಮದೇ ಎಂದು ಖಾತ್ರಿಪಡಿಸಲು ಗೂಗಲ್ ಸಾಮಾನ್ಯವಾಗಿ ವಿಡಿಯೊ ಕೇಳುತ್ತದೆ: ಬೀದಿ, ಬೋರ್ಡು, ಒಳಗಿನ ಕೋಣೆ, ಬೀಗ ತೆಗೆಯುವುದು ಅಥವಾ ಸಿಬ್ಬಂದಿ ಮಾತ್ರ ಹೋಗುವ ಜಾಗ, ಎಲ್ಲವೂ ಕಟ್ ಇಲ್ಲದೆ ಒಂದೇ ಓಟದಲ್ಲಿ ಬರಬೇಕು. ಹಗಲಲ್ಲಿ, ರೋಗಿಗಳು ಇಲ್ಲದ ಹೊತ್ತಿನಲ್ಲಿ ತೆಗೆಯಿರಿ, ಯಾರ ಮುಖವೂ ಬರಬಾರದು. ಪುಟ ಸಿಕ್ಕ ಮೇಲೆ ಎಲ್ಲರೂ ಮರೆಯುವುದು ರಜೆಯ ದಿನಗಳನ್ನು. ಅಷ್ಟಮಿ, ವಿಟ್ಲಪಿಂಡಿ, ಚೌತಿ, ದೀಪಾವಳಿ, ಈದ್, ಕ್ರಿಸ್ಮಸ್ ದಿನದ ಸಮಯವನ್ನು ಮೊದಲೇ ‘ವಿಶೇಷ ಸಮಯ’ದಲ್ಲಿ ಹಾಕದಿದ್ದರೆ, ಕಾರ್ಕಳದಿಂದಲೋ ಬೈಂದೂರಿನಿಂದಲೋ ಬಸ್ಸು ಹಿಡಿದು ಬಂದವರು ಮುಚ್ಚಿದ ಬಾಗಿಲು ನೋಡಿ ಹೋಗಬೇಕಾಗುತ್ತದೆ. ಮೆಟ್ಟಿಲಿನ, ಲಿಫ್ಟಿನ, ಗಾಡಿ ನಿಲ್ಲಿಸುವ ಜಾಗದ ಫೋಟೊ ಹಾಕಿ. ಮಂಡಿನೋವಿನವರಿಗೆ ವೈದ್ಯರ ಫೋಟೊಗಿಂತ ಅದು ಬೇಕು.

ವೈದ್ಯರ ನೋಂದಣಿ ಸಂಖ್ಯೆಯನ್ನು ಪ್ರೊಫೈಲಿನಲ್ಲೇ ಬರೆಯಬೇಕು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ (ಫೋನು, ಇಂಟರ್ನೆಟ್ ಮೂಲಕ ಚಿಕಿತ್ಸೆ) ಮಾರ್ಗಸೂಚಿ ಔಷಧ ಚೀಟಿ, ವೆಬ್‌ಸೈಟ್, ರಸೀದಿ ಮಾತ್ರವಲ್ಲ, ವಾಟ್ಸಾಪ್ ಮತ್ತು ಇಮೇಲ್ ಸಂವಹನದಲ್ಲೂ ಅದನ್ನು ತೋರಿಸಲು ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬರೀ ‘ಕೆಎಂಸಿ’ ಎಂದು ಬರೆದರೆ ಮಣಿಪಾಲದ ಆಸ್ಪತ್ರೆ ಎಂದೇ ಓದಿಕೊಳ್ಳುತ್ತಾರೆ, ಹಾಗಾಗಿ ‘ಕರ್ನಾಟಕ ವೈದ್ಯಕೀಯ ಪರಿಷತ್ತು’ ಎಂದು ಪೂರ್ತಿ ಬರೆಯಿರಿ. ಪದವಿಯನ್ನು ಇದ್ದ ಹಾಗೇ ಹಾಕಿ. ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರವನ್ನು ಪದವಿಯ ಪಕ್ಕದಲ್ಲಿ ಕೂರಿಸಬೇಡಿ.

ಏನು ಹೇಳಬಹುದು, ಏನು ಹೇಳಬಾರದು

ಕಾನೂನಿನ ಮಾತು ಸ್ವಲ್ಪ ಸ್ಪಷ್ಟವಾಗಿರಲಿ, ಯಾಕೆಂದರೆ ಇಲ್ಲಿ ಗೊಂದಲ ಬಹಳ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ವೃತ್ತಿ ನಡವಳಿಕೆ ನಿಯಮ ಹೊರಡಿಸಿತು. ಸೋಷಿಯಲ್ ಮೀಡಿಯಾದ ಬಗ್ಗೆಯೇ ಅದರಲ್ಲಿ ಬೇರೆ ಭಾಗ ಇತ್ತು. ಅದೇ ತಿಂಗಳ 23ರಂದು ಆ ನಿಯಮಗಳನ್ನು ತಡೆಹಿಡಿದು 2002ರ ನಿಯಮಾವಳಿಯನ್ನೇ ಮತ್ತೆ ಜಾರಿಗೆ ತಂದರು. 2002ರ ಪ್ರಕಾರ ರೋಗಿಗಳನ್ನು ಸೆಳೆಯುವ ಜಾಹೀರಾತು ತಪ್ಪು. ಆದರೆ ಸಾರ್ವಜನಿಕ ಆರೋಗ್ಯದ ಬಗ್ಗೆ, ಆರೋಗ್ಯಕರ ಬದುಕಿನ ಬಗ್ಗೆ ವೈದ್ಯರು ತಮ್ಮ ಹೆಸರಿನಲ್ಲೇ ಬರೆಯಬಹುದು, ಮಾತಾಡಬಹುದು. ಕ್ಲಿನಿಕ್ ಶುರುವಾದದ್ದು, ವಿಳಾಸ ಬದಲಾದದ್ದು, ರಜೆಯಲ್ಲಿ ಹೋಗುವುದು, ಮರಳಿ ಬಂದದ್ದು, ಶುಲ್ಕ ಎಷ್ಟೆಂಬುದು ಇವನ್ನೂ ಪ್ರಕಟಿಸಬಹುದು. ತಡೆಹಿಡಿದ 2023ರ ನಿಯಮದಲ್ಲಿದ್ದ ಮಾತುಗಳನ್ನೂ ನಾವು ನಮ್ಮ ಮಟ್ಟಿಗೆ ಪಾಲಿಸುತ್ತೇವೆ. ಲೈಕ್ ಮತ್ತು ಫಾಲೋವರ್ ಕೊಳ್ಳಬಾರದು, ರೋಗಿಗಳಿಂದ ಹೊಗಳಿಕೆಯ ವಿಡಿಯೊ ಕೇಳಬಾರದು, ಬಹಿರಂಗ ಜಾಗದಲ್ಲಿ ಚಿಕಿತ್ಸೆ ಬರೆಯಬಾರದು ಎಂಬುದೆಲ್ಲ ಸರಿಯಾದ ಮಾತೇ.

‘ಶುಗರ್ ಬುಡದಿಂದ ಗುಣ’ ಎಂಬಂಥ ಮಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಕೆಳಗೆ ಬರುತ್ತದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು ಎಲ್ಲವೂ ಆ ಪಟ್ಟಿಯಲ್ಲಿವೆ. ಸ್ಕ್ಯಾನಿಂಗ್ ಇರುವವರು ಗರ್ಭದ ಲಿಂಗದ ಬಗ್ಗೆ ತಮಾಷೆಗೂ ಒಂದು ಮಾತು ಹಾಕಬಾರದು. ಇನ್ನೊಂದು ಮಾತು ಔಷಧ ಕಂಪನಿಗಳ ಬಗ್ಗೆ: ಯಾವುದೋ ಪ್ರೋಟೀನ್ ಪುಡಿ ತೋರಿಸಿ ಹಣ ಪಡೆದ ವೈದ್ಯರ ಡೆಂಗಿ ವಿಡಿಯೊವನ್ನು ಜನ ಅದೇ ಕಣ್ಣಿನಿಂದ ನೋಡುತ್ತಾರೆ.

ಒಂದು ರೀಲ್ ಬರೆಯುವ ಬಗೆ

ರೀಲ್ ಕೆಡುವುದು ಚಿತ್ರೀಕರಣದಲ್ಲಲ್ಲ, ಬರವಣಿಗೆಯಲ್ಲಿ. ವೈದ್ಯರಿಗೆ ಗೊತ್ತಿರುವುದು ಬಹಳ, ಎಲ್ಲವನ್ನೂ ಹೇಳುವ ಆಸೆ. ಸೊಳ್ಳೆಯ ಹೆಸರು, ವೈರಸ್ಸಿನ ನಾಲ್ಕು ಬಗೆ, ಪ್ಲೇಟ್‌ಲೆಟ್ ಎಂದರೇನು ಎಂದು ಹೇಳುವಷ್ಟರಲ್ಲಿ ನೋಡುಗರು ಮೇಲೆ ಸರಿಸಿ ಹೋಗಿರುತ್ತಾರೆ. ನಾವು ಇಟ್ಟುಕೊಂಡ ಪದ್ಧತಿ ಬೇರೆ. ಮೊದಲು ಕೊನೆಯ ಸಾಲು ಬರೆಯುತ್ತೇವೆ. ಆ ಕೊನೆಯ ಸಾಲು ಯಾವಾಗಲೂ ‘ಹೀಗಾದರೆ ಆಸ್ಪತ್ರೆಗೆ ಬನ್ನಿ’ ಎಂಬುದೇ. ಅದಕ್ಕೆ ಬೇಕಾದಷ್ಟನ್ನು ಮಾತ್ರ ಹಿಂದಕ್ಕೆ ಜೋಡಿಸುತ್ತೇವೆ. ಒಂದೂವರೆ ನಿಮಿಷಕ್ಕೆ 140ರಿಂದ 150 ಪದ ಸಾಕು, ಅದಕ್ಕಿಂತ ಹೆಚ್ಚಾದರೆ ಮಾತು ಓಡುತ್ತದೆ.

ಡೆಂಗಿಯದನ್ನೇ ತೆಗೆದುಕೊಳ್ಳಿ. ಮೊದಲ ಸಾಲು: ‘ಡೆಂಗಿಯಲ್ಲಿ ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕಾದ ದಿನ.’ ಇದು ಜನರ ನಂಬಿಕೆಗೆ ನೇರ ವಿರುದ್ಧ, ಆದ್ದರಿಂದ ನಿಂತು ಕೇಳುತ್ತಾರೆ. ಎರಡನೆಯದು ಕಾರಣ: ಜ್ವರ ಶುರುವಾದ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ, ರಕ್ತನಾಳದಿಂದ ನೀರಿನಂಶ ಸೋರುವ ಅಪಾಯ ಒಂದೆರಡು ದಿನ ಇರುತ್ತದೆ. ಮೂರನೆಯದು ಲಕ್ಷಣ: ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು. ನಾಲ್ಕನೆಯದು ಬೇಡವಾದದ್ದು: ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇರುವ ನೋವಿನ ಮಾತ್ರೆಯನ್ನು ಮೆಡಿಕಲ್‌ನಿಂದ ನೀವಾಗಿ ತಂದು ನುಂಗಬೇಡಿ, ಹೃದಯಕ್ಕೆಂದು ಮೊದಲಿನಿಂದ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಕೊನೆಗೆ ಬರಬೇಕಾದ ಜಾಗ. ಪಪ್ಪಾಯಿ ರಸವನ್ನು ಗೇಲಿ ಮಾಡುವುದಿಲ್ಲ, ಮನೆಯ ಅಜ್ಜಿ ಪ್ರೀತಿಯಿಂದ ಅರೆದು ಕೊಟ್ಟದ್ದು ಅದು. ‘ರಸ ಕುಡಿದೆವೆಂದು ಆಸ್ಪತ್ರೆಗೆ ಬರುವುದನ್ನು ತಡಮಾಡಬೇಡಿ’ ಎಂದರೆ ಕೇಳುತ್ತಾರೆ. ‘ಅದೆಲ್ಲ ಮೂಢನಂಬಿಕೆ’ ಎಂದರೆ ಉಳಿದ ಮಾತೂ ಬಿದ್ದುಹೋಗುತ್ತದೆ.

ಆ ರೀಲ್‌ನಲ್ಲಿ ಪ್ಯಾರಾಸಿಟಮಾಲ್ ಎಷ್ಟು ಮಿಲಿಗ್ರಾಂ ಎಂದು ನಾವು ಹೇಳುವುದಿಲ್ಲ. ದೊಡ್ಡವರ ಅಳತೆ ಕೇಳಿದ ತಾಯಿ ಅದರಲ್ಲಿ ಅರ್ಧ ಮಾಡಿ ಮೂರು ವರ್ಷದ ಮಗುವಿಗೆ ಕೊಡುತ್ತಾಳೆ. ಮಕ್ಕಳ ಡೋಸು ಲೆಕ್ಕ ಹಾಕುವುದು ತೂಕದ ಮೇಲೆ. ಸಿರಪ್ಪಿನ ಬಾಟಲಿಗಳಲ್ಲೂ 5 ಮಿ.ಲೀ.ಗೆ 120, 250 ಎಂದು ಬೇರೆ ಬೇರೆ ಪ್ರಮಾಣ ಇರುತ್ತದೆ. ಪ್ಲೇಟ್‌ಲೆಟ್ ಅಂಕಿಯನ್ನೂ ಬಿಡುತ್ತೇವೆ. ‘ಇಷ್ಟಕ್ಕಿಂತ ಕೆಳಗಿಳಿದರೆ ಅಪಾಯ’ ಎಂದೊಡನೆ ಅಂಕಿ ಅದಕ್ಕಿಂತ ಮೇಲಿದ್ದವರು ಹೊಟ್ಟೆನೋವಿದ್ದರೂ ಮನೆಯಲ್ಲೇ ಕೂರುತ್ತಾರೆ, ಕೆಳಗಿದ್ದವರು ರಕ್ತನಿಧಿಗೆ ಓಡುತ್ತಾರೆ. ಪರೀಕ್ಷೆಯ ಬಗ್ಗೆ ಒಂದು ಮಾತು ಉಪಯೋಗಕ್ಕೆ ಬರುತ್ತದೆ: ಡೆಂಗಿ ಪತ್ತೆಗೆ ಮಾಡುವ ಎನ್‌ಎಸ್‌1 ರಕ್ತಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ, ಅದು ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲ ಎಂದಾಗುವುದಿಲ್ಲ.

ಯಾವಾಗ ಹಾಕುವುದೆಂಬುದು ಬರೆಯುವಷ್ಟೇ ದೊಡ್ಡ ವಿಷಯ. ನಮ್ಮ ಪಂಚಾಂಗ ಊರಿನದೇ. ಮೇ ಮೊದಲ ವಾರಕ್ಕೆ ಸೊಳ್ಳೆಯ ಮಾತು: ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕಾರ್ಕಳ ಕಡೆಯ ರಬ್ಬರ್ ತೋಟದ ಕಪ್ಪುಗಳನ್ನು ಮಗುಚಿ ಹಾಕುವುದು, ಮಂಗಳೂರಿನ ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರು. ಮಲೇರಿಯಾ ಮಂಗಳೂರಿಗೆ ಹಳೆಯ ಕಾಟ, ಕೂಲಿಗೆ ಬಂದವರು ಹಿಂದಿಯಲ್ಲಿ ಕೇಳುತ್ತಾರೆ ಎಂಬುದನ್ನು ಮರೆಯಬಾರದು. ಜೂನ್ ಹಿಡಿದು ನೇಜಿ (ಭತ್ತದ ಸಸಿ) ನೆಡುವ ಹೊತ್ತಿಗೆ ಇಲಿಜ್ವರ: ಕೆಸರಿಗೆ ಇಳಿಯುವವರ ಕಾಲಿನ ಗಾಯ, ಜ್ವರದೊಂದಿಗೆ ಮೀನಖಂಡದ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆ. ತಡೆಗೆಂದು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯ ಹೆಸರು ಹೇಳಿದರೂ ‘ಆರೋಗ್ಯ ಕೇಂದ್ರದಲ್ಲಿ ಕೇಳಿ ತೆಗೆದುಕೊಳ್ಳಿ’ ಎಂಬಲ್ಲಿಗೆ ನಿಲ್ಲಿಸುತ್ತೇವೆ, ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಅದು ಹೊಂದುವುದಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯ ಬೋಟಿನವರು ಮನೆಯಲ್ಲಿರುವ ಆ ಎರಡು ತಿಂಗಳಲ್ಲೇ ಬಿಪಿ, ಶುಗರ್ ತಪಾಸಣೆಯ ಮಾತು ಹೇಳಬೇಕು, ಆಗಸ್ಟ್‌ನಲ್ಲಿ ಹೇಳಿ ಫಲವಿಲ್ಲ. ರಂಜಾನ್ ಉಪವಾಸದ ಮೊದಲು ಇನ್ಸುಲಿನ್ ಮತ್ತು ಮಾತ್ರೆ ಹೊಂದಿಸಿಕೊಳ್ಳಬೇಕಾದವರಿಗೆ ಆರರಿಂದ ಎಂಟು ವಾರ ಮುಂಚೆ ತಿಳಿಸಬೇಕು. ಚಳಿಗಾಲದಿಂದ ಮಳೆ ಬರುವ ತನಕ ಹೆಬ್ರಿ, ಬೈಂದೂರಿನ ಕಾಡಂಚಿನವರಿಗೆ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳದ ಮಾತು.

ಪಂಚಾಂಗದಲ್ಲಿ ಇಲ್ಲದ್ದೂ ಬರುತ್ತದೆ. 2025ರ ಜುಲೈ ಹೊತ್ತಿಗೆ ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿ, ಏನೂ ತೊಂದರೆ ಇಲ್ಲದವರೂ ಇಸಿಜಿಗೆ ಸಾಲು ನಿಂತರು. ಅಂಥ ಹೊತ್ತಿನಲ್ಲಿ ಕಾರಣದ ಬಗ್ಗೆ ತರ್ಕ ಮಾಡಲು ಹೋಗಬಾರದು, ಆಗಿನ್ನೂ ತನಿಖೆ ಮುಗಿದಿರುವುದಿಲ್ಲ. ಎದೆಯ ನಡುವಿನ ಒತ್ತಡ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬೇಡಿ ಎಂದಷ್ಟೇ ಹೇಳಿದರೆ ಕೆಲಸ ಆಯಿತು.

ಭಾಷೆಯ ಬಗ್ಗೆ ನಮ್ಮ ಅನುಭವ: ಮಾತು ತುಳುವಿನಲ್ಲಿದ್ದರೆ ಹಿರಿಯರು ಕೊನೆ ತನಕ ಕೇಳುತ್ತಾರೆ, ಅಡಿಬರಹ ಕನ್ನಡದಲ್ಲಿದ್ದರೆ ಎಲ್ಲರಿಗೂ ಆಗುತ್ತದೆ. ಬ್ಯಾರಿ, ಕೊಂಕಣಿ ಬಲ್ಲ ನರ್ಸ್ ಇದ್ದರೆ ಅದೇ ಬರಹವನ್ನು ಅವರಿಂದ ಓದಿಸಿ, ಆದರೆ ವೈದ್ಯರು ಕೂತು ಒಂದೊಂದು ಸಾಲೂ ಕೇಳಿ ಒಪ್ಪಬೇಕು.

ತೆಗೆಯುವುದು, ಕಳಿಸುವುದು

ಫೋನಿನ ಹಿಂದಿನ ಕ್ಯಾಮೆರಾ, ಸ್ಟ್ಯಾಂಡು, ಕಾಲರಿಗೆ ಸಿಕ್ಕಿಸುವ ಮೈಕು ಇಷ್ಟು ಸಾಕು. ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ, ಸೆರಗಿಗೋ ಸ್ಟೆತೊಸ್ಕೋಪಿಗೋ ತಾಗಬಾರದು. ಫ್ಯಾನು ಆಫ್. ಮಳೆಗಾಲದಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ತೆಗೆದ ಧ್ವನಿಯನ್ನು ಯಾವ ಆ್ಯಪ್ಪೂ ಸರಿ ಮಾಡಲಾರದು, ಆದ್ದರಿಂದ ಮಳೆಗಾಲದ ವಿಡಿಯೊಗಳನ್ನು ಏಪ್ರಿಲ್‌ನಲ್ಲೇ ತೆಗೆದಿಡುತ್ತೇವೆ. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುತ್ತದೆ, ನಮ್ಮ ಕರೆಂಟು 50 ಹರ್ಟ್ಸ್‌ನದ್ದು. ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್ ಬದಲು 25 ಇಟ್ಟರೆ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತರೆ ಆ ರಗಳೆಯೇ ಇಲ್ಲ.

ಅಡಿಬರಹ ಕೈಯಾರೆ ಟೈಪ್ ಮಾಡಿ. ತಾನಾಗಿ ಬರುವ ಕನ್ನಡ ಅಕ್ಷರಗಳಲ್ಲಿ ಔಷಧದ ಹೆಸರು ತಪ್ಪಾದರೆ ಅದು ಸಣ್ಣ ತಪ್ಪಲ್ಲ. ಎರಡು ಸಾಲು ಮೀರಬಾರದು, ಪರದೆಯ ಕೆಳಭಾಗ ಮತ್ತು ಬಲ ಅಂಚನ್ನು ಖಾಲಿ ಬಿಡಿ, ಅಲ್ಲಿ ಗುಂಡಿಗಳು ಬಂದು ಕೂರುತ್ತವೆ. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಹಾಕುವ ಮೊದಲು ಇನ್ನೊಂದು ಫೋನಿಗೆ ಕಳಿಸಿ, ಕನ್ನಡಕ ಹಾಕುವ ವಯಸ್ಸಿನವರ ಕೈಯಲ್ಲಿ ಕೊಟ್ಟು ಓದಿಸಿ. ಚಿತ್ರದ ಒಳಗೇ ವೈದ್ಯರ ಹೆಸರು, ತಿಂಗಳು, ವರ್ಷ ಇರಬೇಕು. ವಿಡಿಯೊ ಫಾರ್ವರ್ಡ್ ಆದಾಗ ಕೆಳಗೆ ಬರೆದ ವಿವರ ಉದುರಿ ಹೋಗುತ್ತದೆ, ಚಿತ್ರದೊಳಗಿನದು ಮಾತ್ರ ಜತೆಗೆ ಹೋಗುತ್ತದೆ.

ವಾಟ್ಸಾಪ್‌ನಲ್ಲಿ ಹಂಚಲು ಗುಂಪು ಮಾಡುವುದಕ್ಕಿಂತ ಚಾನೆಲ್ ಒಳ್ಳೆಯದು. ಗುಂಪಿನಲ್ಲಿ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಕಾಣುತ್ತದೆ. ‘ಶುಗರ್ ಕ್ಲಿನಿಕ್’ ಎಂಬ ಗುಂಪಿಗೆ ಸೇರಿಸಿದರೆ ಆ ಹುಡುಗಿಗೆ ಶುಗರ್ ಇದೆ ಎಂದು ನಾವೇ ಊರಿಗೆ ಹೇಳಿದ ಹಾಗೆ, ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಅದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. 2023ರಿಂದ ನಮ್ಮಲ್ಲಿ ಸಿಗುವ ಚಾನೆಲ್‌ನಲ್ಲಿ ಹಿಂಬಾಲಿಸುವವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೂ ಇದೆ, ಆದರೆ ಅದು 256 ಜನಕ್ಕೆ ಸೀಮಿತ, ಮೇಲಾಗಿ ಕ್ಲಿನಿಕ್ಕಿನ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಹೋಗಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರದ್ದು ಇದೇ ಕಾರಣ.

ಊರು ಸಣ್ಣದು

ಹೆಸರು ತೆಗೆದರೆ ಗುರುತು ಹೋಯಿತು ಎಂಬುದು ಬೆಂಗಳೂರಿನಲ್ಲಿ ಸ್ವಲ್ಪ ಮಟ್ಟಿಗೆ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ‘ಕಾಪು ಕಡೆಯ 42 ವರ್ಷದ ಬಸ್ ಕಂಡಕ್ಟರ್, ಮೊನ್ನೆ ರಾತ್ರಿ ವಿಷ ಕುಡಿದು ಬಂದಿದ್ದರು’ ಎಂದು ಬರೆದರೆ ಆ ದಾರಿಯ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಯಾರೆಂದು ಗೊತ್ತಾಗುತ್ತದೆ. ವಯಸ್ಸನ್ನು ‘ನಡುವಯಸ್ಸು’ ಮಾಡಿ, ಊರು ಮತ್ತು ಕೆಲಸ ಬಿಡಿ, ಹಲವು ತಿಂಗಳು ಕಳೆಯಲಿ. ಹಾಗೆ ಮಾಡಿದ ಮೇಲೆ ಹೇಳಲು ಏನೂ ಉಳಿಯದಿದ್ದರೆ ಆ ಕಥೆ ಹೇಳಬೇಕಾದದ್ದೇ ಅಲ್ಲ. ಆತ್ಮಹತ್ಯೆಯ ಪ್ರಯತ್ನದ ಬಗ್ಗೆ ಯಾವ ರೂಪದಲ್ಲೂ ಪ್ರಕರಣ ಬರೆಯಬಾರದು ಎಂಬುದು ನಮ್ಮ ಗಟ್ಟಿ ನಿಲುವು. ಮಾನಸಿಕ ಆರೋಗ್ಯದ ಮಾತು ಹೇಳುವಾಗ ಸರ್ಕಾರಿ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರು ಪರದೆಯ ಮೇಲಿರಲಿ.

ಫೋಟೊ ಹಾಕಲೇಬೇಕಾದ ಸಂದರ್ಭ ಬಂದರೆ ಮುಖ ಮುಚ್ಚಿದರೆ ಸಾಲದು. ಹಚ್ಚೆ, ಉಂಗುರ, ಕರಿಮಣಿಯ ವಿನ್ಯಾಸ, ಬೆಡ್‌ಶೀಟಿನ ಮೇಲಿನ ಆಸ್ಪತ್ರೆಯ ಹೆಸರು, ಎಕ್ಸ್‌ರೇಯ ಮೂಲೆಯ ಹೆಸರು ಮತ್ತು ದಿನಾಂಕ, ಡ್ರಿಪ್ಪಿನ ಬಾಟಲಿಗೆ ಅಂಟಿಸಿದ ಚೀಟಿ ಎಲ್ಲವೂ ಗುರುತು ಹೇಳುತ್ತವೆ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಜಾಗ, ಸಮಯ ಕೂಡ ಅದರೊಳಗೇ ಹೋಗುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಯಾವ ಚಿತ್ರ, ಎಲ್ಲಿ ಹಾಕುತ್ತೇವೆ, ಒಮ್ಮೆ ಹರಡಿದ ಮೇಲೆ ಪೂರ್ತಿ ತೆಗೆಯಲಾಗದು ಎಂಬುದೂ ಅದರಲ್ಲಿರಬೇಕು. ಚಿಕಿತ್ಸೆ ಶುರುವಾಗುವ ಮೊದಲು, ನೋವಿನಲ್ಲಿರುವಾಗ ಸಹಿ ಕೇಳಬಾರದು. ಆಗ ಯಾರೂ ‘ಬೇಡ’ ಎನ್ನುವುದಿಲ್ಲ, ಅದು ಒಪ್ಪಿಗೆಯಲ್ಲ.

ವೈದ್ಯರೊಳಗಿನ ಗುಂಪುಗಳಿಗೂ ಇದು ಅನ್ವಯಿಸುತ್ತದೆ. ಸರಿಯಾಗಿ ನಡೆಸಿದರೆ ಅವು ಜೀವ ಉಳಿಸುತ್ತವೆ ಎಂಬುದಕ್ಕೆ ನಮ್ಮ ಊರಲ್ಲೇ ಉದಾಹರಣೆ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರು ಮಾಡಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ನಲ್ಲಿ ಹಳ್ಳಿಯ ವೈದ್ಯರು ಇಸಿಜಿಯ ಫೋಟೊ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ತಜ್ಞರು ನೋಡಿ ಮುಂದಿನ ದಾರಿ ಹೇಳುತ್ತಾರೆ. ಇಸಿಜಿ ಕಳಿಸುವುದಕ್ಕೂ ಒಂದು ಕ್ರಮ ಬೇಕು. ಕಾಗದ ಮೇಜಿನ ಮೇಲೆ ಚಪ್ಪಟೆಯಾಗಿರಲಿ, ಫೋನಿನ ನೆರಳು ಬೀಳದಿರಲಿ, 12 ಲೀಡುಗಳ ಹೆಸರೂ ಕಾಣಲಿ, ಸೆಕೆಂಡಿಗೆ 25 ಮಿ.ಮೀ. ವೇಗ ಮತ್ತು 10 ಮಿ.ಮೀ. ಎತ್ತರದ ಗುರುತು ಚೌಕಟ್ಟಿನೊಳಗೆ ಬರಲಿ, ರೋಗಿಯ ಹೆಸರು ಮುಚ್ಚಿರಲಿ. ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ನೋವು ಶುರುವಾದ ಗಂಟೆ, ಬಿಪಿ, ಶುಗರ್ ಇದೆಯೇ ಎಂಬುದು. ನೋವಿನ ಗಂಟೆ ಬರೆಯದೆ ಕಳಿಸಿದರೆ ತಜ್ಞರು ಅದನ್ನೇ ಕೇಳುತ್ತಾರೆ, ಆ ಪ್ರಶ್ನೋತ್ತರದಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ.

‘ಡಾಕ್ಟ್ರೇ, ಈ ರಿಪೋರ್ಟ್ ಸ್ವಲ್ಪ ನೋಡಿ’

ರೀಲ್ ಹಾಕಿದ ಮರುಗಳಿಗೆಯಿಂದ ಇದು ಶುರು. ಕಮೆಂಟಿನಲ್ಲಿ, ಮೆಸೇಜಿನಲ್ಲಿ, ಸಂಘದ ಗುಂಪಿನಲ್ಲಿ, ಚಿಕ್ಕಪ್ಪನ ಮಗನ ಮೂಲಕ. ‘ಡಾಕ್ಟ್ರೇ, ಅಮ್ಮನಿಗೆ ಕ್ರಿಯಾಟಿನಿನ್ 1.8 ಉಂಟು, ಎಂತ ಮಾಡುದು ಮಾರಾಯ್ರೆ?’ ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡದ ಕೆಲಸ ತಿಳಿಯಲು ನೋಡುವ ರಕ್ತಪರೀಕ್ಷೆ. ಕೇಳುವವರಲ್ಲಿ ತಪ್ಪಿಲ್ಲ, ಗಾಬರಿಯಿದೆ. ಆದರೆ ಬಹಿರಂಗ ಕಮೆಂಟಿನಲ್ಲಿ ಉತ್ತರಿಸಿದರೆ ಕ್ರಿಯಾಟಿನಿನ್ 1.8 ಇರುವ ಇನ್ನೊಬ್ಬರು ಅದನ್ನೇ ಪಾಲಿಸುತ್ತಾರೆ. ಅವರ ವಯಸ್ಸು, ಮಾತ್ರೆ, ಹಿಂದಿನ ವರದಿ ಯಾವುದೂ ಒಂದೇ ಅಲ್ಲ. ನಾವು ಹಾಕುವ ಉತ್ತರ: ‘ಅಮ್ಮನ ಹಳೆಯ ವರದಿ, ಈಗಿನ ಮಾತ್ರೆಗಳನ್ನು ನೋಡದೆ ಹೇಳಿದರೆ ತಪ್ಪಾಗುತ್ತದೆ. ನಿಮ್ಮ ವೈದ್ಯರಿಗೆ ಈ ವಾರದಲ್ಲೇ ತೋರಿಸಿ. ಕಾಲು, ಮುಖ ಊದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಇವತ್ತೇ ಹೋಗಿ.’ ಆಮೇಲೆ ಹೆಸರಿನೊಂದಿಗೆ ವರದಿಯ ಚಿತ್ರ ಹಾಕಿದ್ದರೆ ಅವರಿಗೆ ಖಾಸಗಿಯಾಗಿ ತಿಳಿಸಿ, ಅದನ್ನು ತೆಗೆಸುತ್ತೇವೆ.

ಖಾಸಗಿ ಮೆಸೇಜಿನಲ್ಲಿ ವರದಿ ನೋಡಿ ಮಾತ್ರೆ ಹೇಳಿದಿರೆಂದರೆ ಅದು ಸ್ನೇಹದ ಮಾತಲ್ಲ, ಟೆಲಿಮೆಡಿಸಿನ್ ಸಮಾಲೋಚನೆ. ರೋಗಿ ಯಾರೆಂದು ಖಚಿತಪಡಿಸಿಕೊಳ್ಳಬೇಕು, ದಾಖಲೆ ಇಡಬೇಕು, ಚೀಟಿ ಬರೆಯಬೇಕು. ನಿದ್ರೆಮಾತ್ರೆಯಂಥ ಅಮಲಿನ ಔಷಧಗಳನ್ನು ಹೀಗೆ ಬರೆಯುವಂತೆಯೇ ಇಲ್ಲ. ಮಗುವಾದರೆ ಜತೆಗೆ ದೊಡ್ಡವರಿರಬೇಕು. ದುಬೈಯಿಂದ ಮಗ ಅಪ್ಪನ ವರದಿ ಕಳಿಸಿ ಕೇಳುವುದು ನಮ್ಮಲ್ಲಿ ದಿನನಿತ್ಯದ್ದು. ಅಪ್ಪನ ಒಪ್ಪಿಗೆ ಬೇಕು, ಆದ್ದರಿಂದ ಅಪ್ಪನನ್ನು ಕ್ಲಿನಿಕ್ಕಿಗೆ ಕರೆಸಿ, ಮಗನನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳುತ್ತೇವೆ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಅದಕ್ಕೆ ಸಂಜೆಯ ಕೊನೆಯ ಅರ್ಧ ಗಂಟೆ ಇಟ್ಟಿದ್ದೇವೆ.

ಗೂಗಲ್‌ನಲ್ಲಿ ಸಿಟ್ಟಿನ ಒಂದು ನಕ್ಷತ್ರ ಬಂದಾಗ ಕೈ ತಡೆಯುವುದು ಕಷ್ಟ. ‘ನೀವು ಹೇಳಿದ ಮಾತ್ರೆ ತೆಗೆದುಕೊಳ್ಳಲಿಲ್ಲ, ಅದಕ್ಕೇ ಶುಗರ್ ಏರಿತು’ ಎಂಬ ಉತ್ತರ ನಿಜವೇ ಆಗಿದ್ದರೂ, ಅವರು ನಮ್ಮ ರೋಗಿ, ಅವರಿಗೆ ಶುಗರ್ ಇದೆ ಎಂದು ಎರಡು ಗುಟ್ಟನ್ನು ಬಿಟ್ಟುಕೊಟ್ಟಂತೆ. ‘ನಿಮ್ಮ ಅಭಿಪ್ರಾಯ ಓದಿದೆವು. ಯಾರ ಚಿಕಿತ್ಸೆಯ ವಿಷಯವನ್ನೂ ಇಲ್ಲಿ ಚರ್ಚಿಸುವುದಿಲ್ಲ. ದಯವಿಟ್ಟು ಕ್ಲಿನಿಕ್ಕಿಗೆ ಕರೆ ಮಾಡಿ, ಕೂತು ಮಾತಾಡೋಣ’ ಎಂದು ಬರೆದು, ಒಂದು ರಾತ್ರಿ ಬಿಟ್ಟು, ಇನ್ನೊಬ್ಬರಿಗೆ ಓದಿಸಿ ಹಾಕಿ. ಕಾಯಿಸಿದ್ದರ ಬಗ್ಗೆ, ಬಿಲ್ಲಿನ ಬಗ್ಗೆ ದೂರಿದ್ದರೆ ಅದನ್ನು ನಿಜಕ್ಕೂ ನೋಡಿ. ಹೊಗಳಿಕೆಯ ಬರಹಕ್ಕೂ ‘ಆಪರೇಷನ್ ಚೆನ್ನಾಗಿ ಆಯಿತಲ್ಲ’ ಎಂದು ಉತ್ತರಿಸಬಾರದು, ಕಾರಣ ಅದೇ.

ಕೀಲಿಕೈ ಯಾರ ಕೈಯಲ್ಲಿ

ಜಾಹೀರಾತು ಏಜೆನ್ಸಿಗಳು ತಿಂಗಳಿಗಿಷ್ಟು ಎಂದು ಬರುತ್ತವೆ. ಎಡಿಟಿಂಗಿಗೆ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಖಾತೆ ವೈದ್ಯರ ಸ್ವಂತ ಇಮೇಲ್‌ನಲ್ಲೇ ತೆರೆದಿರಬೇಕು, ಏಜೆನ್ಸಿಗೆ ಬೇಕಾದಷ್ಟೇ ಅನುಮತಿ. ಇಲ್ಲದಿದ್ದರೆ ಒಪ್ಪಂದ ಮುಗಿದ ದಿನ ಪುಟವೂ ಅವರೊಂದಿಗೆ ಹೋಗುತ್ತದೆ. ‘ಮೊದಲು, ಆಮೇಲೆ’ ಚಿತ್ರಗಳನ್ನು, ಕೊಂಡು ತಂದ ಫಾಲೋವರ್‌ಗಳನ್ನು ಅವರು ಸೇರಿಸಿದರೂ ವೈದ್ಯಕೀಯ ಪರಿಷತ್ತಿಗೆ ಉತ್ತರ ಕೊಡಬೇಕಾದವರು ವೈದ್ಯರು. ಎಲ್ಲ ಖಾತೆಗಳಿಗೂ ಎರಡು ಹಂತದ ಭದ್ರತೆ, ವಾಟ್ಸಾಪಿಗೆ ಆರಂಕಿಯ ಪಿನ್, ಕೆಲಸ ಬಿಟ್ಟ ಸಿಬ್ಬಂದಿಯ ಪ್ರವೇಶ ಅದೇ ದಿನ ರದ್ದು.

ಮುಖ ಕದಿಯುವ ಕಾಟ ಈಗ ದೊಡ್ಡದಾಗಿದೆ. ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರ ಹೆಸರು, ಮುಖ ಬಳಸಿದ ನಕಲಿ ವಿಡಿಯೊಗಳ ವಿಚಾರ ದೆಹಲಿ ಹೈಕೋರ್ಟ್ ತನಕ ಹೋಯಿತು. ಸಣ್ಣ ಊರಿನ ವೈದ್ಯರ ಮುಖಕ್ಕೂ ಇದು ಬರಬಹುದು. ಬಂದರೆ ಮಾಡುವ ಕ್ರಮ: ಮೊದಲು ಲಿಂಕ್, ಖಾತೆಯ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ರಿಪೋರ್ಟ್ ಮಾಡಿದ ಮೇಲೆ ಅದು ಮಾಯವಾದರೆ ಸಾಕ್ಷಿಯೂ ಹೋಗುತ್ತದೆ. ಆಮೇಲೆ ಆ ವೇದಿಕೆಯಲ್ಲೇ ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬ ಆಯ್ಕೆಯಲ್ಲಿ ದೂರು, ನಂತರ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ಅಥವಾ ಠಾಣೆಯಲ್ಲಿ. ರೋಗಿಗಳು ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿಸಿ. ನಮ್ಮ ಚಾನೆಲ್‌ನಲ್ಲಿ ‘ನಾವು ಯಾವ ಪುಡಿ, ಎಣ್ಣೆ, ಕಿಟ್ಟನ್ನೂ ಆನ್‌ಲೈನ್‌ನಲ್ಲಿ ಮಾರುವುದಿಲ್ಲ’ ಎಂಬ ಸಾಲು ಸದಾ ಮೇಲೆ ಇರುತ್ತದೆ.

ಇದೆಲ್ಲಕ್ಕೆ ಹೊತ್ತು ಎಲ್ಲಿ ಎಂದು ಕೇಳುವವರಿಗೆ: ತಿಂಗಳಿಗೆ ನಾಲ್ಕು ವಿಡಿಯೊ ಸಾಕು, ಭಾನುವಾರದ ಒಂದು ಬೆಳಿಗ್ಗೆ ನಾಲ್ಕನ್ನೂ ತೆಗೆಯಬಹುದು. ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ಕಮೆಂಟಿಗೆ. ಎಷ್ಟು ಸಾವಿರ ಜನ ನೋಡಿದರು ಎಂಬುದು ನಮಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ಅರ್ಧ ಜನ ಎರಡು ಸೆಕೆಂಡಿನಲ್ಲಿ ಸರಿಸಿ ಹೋದವರಿರಬಹುದು. ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಎಷ್ಟು ಜನ ಉಳಿಸಿಟ್ಟುಕೊಂಡರು, ಸರಾಸರಿ ಎಷ್ಟನೇ ಸೆಕೆಂಡಿನಲ್ಲಿ ಬಿಟ್ಟರು ಎಂಬುದನ್ನು ನೋಡುತ್ತೇವೆ. ಲಕ್ಷಣಗಳ ಪಟ್ಟಿ ಬರುವ ಮೊದಲೇ ಬಿಡುತ್ತಿದ್ದರೆ ಪಟ್ಟಿಯನ್ನು ಮುಂದಕ್ಕೆ ತರಬೇಕು. ಅದಕ್ಕಿಂತ ಒಳ್ಳೆಯ ಅಳತೆ ರಿಸೆಪ್ಷನ್ನಿನ ಪುಸ್ತಕದಲ್ಲಿದೆ. ಜ್ವರದವರ ಹೆಸರಿನ ಎದುರು ‘ಜ್ವರ ಬಂದು ಎಷ್ಟನೇ ದಿನ’ ಎಂಬ ಒಂದು ಕಾಲಂ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ತುಂಬಿಸಿ, ಹಿಂದಿನ ವರ್ಷದ ಪುಟದ ಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ಏಪ್ರಿಲ್‌ನಲ್ಲಿ ಯಾವ ವಿಡಿಯೊವನ್ನು ಹೊಸದಾಗಿ ಬರೆಯಬೇಕೆಂದು ಗೊತ್ತಾಗುತ್ತದೆ.